ನಾಮಿನಿಯೇ ವಾರಸುದಾರನಲ್ಲ

ಮುಂಬಯಿ, ಪುಣೆಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಬಂಧುಗಳಲ್ಲಿ ಬಹುಮಂದಿಯ ಸಂಪಾದನೆಯೆಲ್ಲ ಒಂದು ಬ್ಯಾಂಕಿನ ಪಾಸುಬುಕ್ಕು, ಒಂದು ಜೀವವಿಮೆಯ ಪಾಲಿಸಿ, ಒಂದು ಭವಿಷ್ಯನಿಧಿಯ ಲೆಕ್ಕ, ಇಷ್ಟರಲ್ಲಿಯೇ ಅಡಗಿರುತ್ತದೆ. ಈ ಕಾಗದಗಳಲ್ಲಿ ‘ನಾಮಿನಿ’ ಎಂಬ ಅಂಕಣವೊಂದುಂಟು. ಅಲ್ಲಿ ಯಾರ ಹೆಸರಿದೆಯೆಂದು ಕೇಳಿದರೆ ಥಟ್ಟನೆ ಹೇಳಬಲ್ಲವರು ವಿರಳ. ಊರು ಬಿಟ್ಟು ಬಂದ ಹೊಸತರಲ್ಲಿ, ತಮ್ಮನ್ನು ಕರೆತಂದ ಅಣ್ಣನ ಹೆಸರನ್ನೋ ಸೋದರಮಾವನ ಹೆಸರನ್ನೋ ಬರೆಸಿ, ಮುಂದೆ ಮದುವೆಯಾಗಿ ಮಕ್ಕಳಾದ ಮೇಲೂ ಅದನ್ನು ಬದಲಿಸದೆ ಬಿಟ್ಟವರು ಎಷ್ಟೋ ಮಂದಿ.

ಹೆಸರು ಬರೆಸಿದವನಿಗೇ ಹಣವೆಲ್ಲ ಸೇರಿತೆಂಬುದು ನಮ್ಮವರಲ್ಲಿ ಬೇರೂರಿರುವ ಭಾವನೆ. ಕಾಯಿದೆಯ ಮಾತು ಬೇರೆ. ಒಬ್ಬ ಗೃಹಸ್ಥನು ಎರಡು ವಿಮಾ ಪಾಲಿಸಿಗಳಿಗೆ ಹೆಂಡತಿಯನ್ನು ನಾಮಿನಿಯಾಗಿ ಮಾಡಿ, ಉಯಿಲು ಬರೆಯದೆ 1967ರಲ್ಲಿ ತೀರಿಕೊಂಡನು. ಹಣವೆಲ್ಲ ತನ್ನದೇ ಎಂದು ಹೆಂಡತಿ ವಾದಿಸಿದಳು. ತನಗೂ ಪಾಲುಂಟೆಂದು ಮೃತನ ತಾಯಿ ವಾದಿಸಿದಳು. 1983ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ನಾಮಿನಿಯು ಹಣವನ್ನು ಪಡೆಯುವ ಕೈ ಮಾತ್ರ, ಹಣ ಸಲ್ಲಬೇಕಾದುದು ವಾರಸುದಾರರಿಗೆ. ಅದರಂತೆ ತಾಯಿ, ಹೆಂಡತಿ, ಮಗ ಮೂವರಿಗೂ ಸಮಪಾಲು ದೊರೆಯಿತು. ಬ್ಯಾಂಕಿನ ಠೇವಣಿಗೆ 2010ರಲ್ಲಿ, ಕಂಪೆನಿಯ ಷೇರುಗಳಿಗೆ 2023ರಲ್ಲಿ ಅದೇ ನ್ಯಾಯಾಲಯವು ಇದೇ ತತ್ವವನ್ನು ಹೇಳಿದೆ.

ವಿಮೆಯ ವಿಷಯದಲ್ಲಿ ಮಾತ್ರ 2015ರಲ್ಲಿ ಒಂದು ತಿದ್ದುಪಡಿ ಬಂದಿತು. ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣದ ಫಲವೂ ಅವರದೇ ಎಂಬುದು ಅದರ ಮಾತು. ಅದರ ಅರ್ಥದ ಬಗ್ಗೆ ಹೈಕೋರ್ಟುಗಳಲ್ಲಿ ಏಕಾಭಿಪ್ರಾಯವಿಲ್ಲ. ಆದರೆ ಅಣ್ಣನೂ ಸೋದರಮಾವನೂ ಆ ಪಟ್ಟಿಯಲ್ಲಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ವಾರಸುದಾರರು ಯಾರು? ಉಯಿಲು ಬರೆಯದೆ ಮಡಿದ ಹಿಂದೂ ಪುರುಷನ ಸ್ವಯಾರ್ಜಿತವು 1956ರ ಹಿಂದೂ ವಾರಸಾ ಕಾಯಿದೆಯ ಪ್ರಕಾರ ಮೊದಲಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇವರಿಗೆ ಸಮನಾಗಿ ಸಲ್ಲುತ್ತದೆ. ಮದುವೆಯಾಗಿ ಹೋದ ಮಗಳ ಪಾಲು ಕಡಮೆಯಾಗದು. ಇವರಲ್ಲಿ ಒಬ್ಬರಿದ್ದರೂ ಅಣ್ಣತಮ್ಮಂದಿರಿಗೆ ಪಾಲಿಲ್ಲ. ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದು ಬಂದ ನಮ್ಮ ತುಳುನಾಡಿನ ಬಂಧುಗಳ ಸ್ವಂತ ಗಳಿಕೆಗೂ ಇದೇ ನಿಯಮ. ಮುಸ್ಲಿಮರಿಗೂ ಕ್ರೈಸ್ತರಿಗೂ ಅವರವರ ಕಾಯಿದೆಗಳು ಬೇರೆ.

ಹಕ್ಕು ಹೀಗೆ ಸ್ಪಷ್ಟವಾಗಿರುವಾಗ ಚಿಂತೆಯೇಕೆಂದು ಕೇಳಬಹುದು. ಬ್ಯಾಂಕು ಹಣವನ್ನು ಕೊಡುವುದು ನಾಮಿನಿಗೆ; ಕೊಟ್ಟಲ್ಲಿಗೆ ಅದರ ಹೊಣೆ ತೀರಿತು. ಆ ಮೇಲೆ ಊರಿನ ವಿಧವೆಯು ಭಾವನಿಂದ ಹಣ ಕೇಳಬೇಕು. ಕೊಡದಿದ್ದರೆ ಕೋರ್ಟಿನ ಮೆಟ್ಟಲು ಹತ್ತಬೇಕು. ವಕೀಲರ ಫೀಜಿಗೂ ದಾರಿ ಖರ್ಚಿಗೂ ಗತಿಯಿಲ್ಲದವಳಿಗೆ ಗ್ರಂಥದಲ್ಲಿರುವ ಹಕ್ಕು ಅನ್ನವನ್ನು ಕೊಡಲಾರದು. ಗಂಡನು ಇಪ್ಪತ್ತು ವರ್ಷ ಭಟ್ಟಿಯ ಮುಂದೆ ಬೆವರಿಳಿಸಿ ಉಳಿಸಿದ ಹಣಕ್ಕೆ ಅವಳು ಕೈಯೊಡ್ಡಿ ನಿಲ್ಲುವಂತಾಗುವುದು ನ್ಯಾಯವೆ?

ಅಣ್ಣನ ಹೆಸರನ್ನು ತೆಗೆದರೆ ಅವನನ್ನು ಅವಿಶ್ವಾಸಿಸಿದಂತಾಗುವುದಿಲ್ಲವೆ ಎಂದು ಕೆಲವರು ಸಂಕೋಚಪಡುತ್ತಾರೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧ. ಸತ್ಯವಂತನಾದ ಅಣ್ಣನೂ ಪರರ ಹಣವನ್ನು ಕೈಯಲ್ಲಿ ಹಿಡಿದರೆ ಲೋಕದ ಸಂಶಯಕ್ಕೆ ಗುರಿಯಾಗುವನು. ಆ ಹೊರೆಯನ್ನು ಅವನ ತಲೆಯ ಮೇಲೆ ಹೇರದಿರುವುದೇ ಅವನಿಗೆ ತೋರುವ ಗೌರವ. ಸಾವಿನ ಮಾತು ಅಪಶಕುನವೆನ್ನುವವರಿಗೆ ನಾವು ಹೇಳುವುದಿಷ್ಟೆ: ವಿಮೆಗೆ ಕಂತು ಕಟ್ಟಿದಾಗಲೇ ಆ ಮಾತನ್ನು ಆಡಿದ್ದಾಯಿತು.

ಮಾಡಬೇಕಾದುದು ಹೆಚ್ಚಿಲ್ಲ. ಮದುವೆಯಾದೊಡನೆ ಭವಿಷ್ಯನಿಧಿಗೂ ಗ್ರಾಚುಯಿಟಿಗೂ ಹೊಸದಾಗಿ ನಾಮಿನಿಯನ್ನು ಬರೆಸಬೇಕು. ಬ್ಯಾಂಕಿನ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದಾದ್ದರಿಂದ ಹೆಂಡತಿಯೊಡನೆ ತಾಯಿಯನ್ನೂ ಸೇರಿಸಲು ಅಡ್ಡಿಯಿಲ್ಲ. ಇದಕ್ಕಿಂತ ಮಿಗಿಲಾದುದು ಉಯಿಲು. ಅದಕ್ಕೆ ಸ್ಟಾಂಪು ಕಾಗದ ಬೇಡ, ರಿಜಿಸ್ಟ್ರಿ ಕಡ್ಡಾಯವಲ್ಲ. ಸ್ವಸ್ಥಚಿತ್ತದಿಂದ ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲಿಯೇ ಬರೆದು, ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ, ಅವರಿಂದಲೂ ರುಜು ಹಾಕಿಸಿದರೆ ಸಾಕು. ಪಾಲು ಪಡೆಯುವವರು ಸಾಕ್ಷಿಗಳಾಗದಿರುವುದು ಲೇಸು. ಜೀವವಿರುವವರೆಗೆ ಎಷ್ಟು ಸಲ ಬೇಕಾದರೂ ಅದನ್ನು ಬದಲಿಸಬಹುದು.

ಮಾಲಿಕ ಮಹಾಶಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಗಲ್ಲಾದ ಹಿಂದೆ ಕುಳಿತು ವರ್ಷಗಳನ್ನು ಕಳೆದ ನಾವು ಬಲ್ಲೆವು, ಮಾಣಿಗೂ ಅಡುಗೆಯವನಿಗೂ ಅರ್ಜಿ ತುಂಬಿಸಿ ಕೊಡುವವರು ಮಾಲಿಕರೇ ಅಥವಾ ಅವರ ಗುಮಾಸ್ತರೇ. ವರ್ಷಕ್ಕೊಂದು ದಿನ, ಬೋನಸು ಹಂಚುವ ದೀಪಾವಳಿಯ ವೇಳೆಗೇ ಆಗಲಿ, ಪ್ರತಿಯೊಬ್ಬನ ನಾಮಿನಿ ಯಾರೆಂದು ಓದಿ ಹೇಳಿ, ಬೇಕಾದಲ್ಲಿ ತಿದ್ದಿಸಿಕೊಡಲಿ. ನಮ್ಮ ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳಿಗೆ ಸಭಾಂಗಣ ಹಿಡಿಯುವಂತೆ, ಒಂದು ಭಾನುವಾರ ಕನ್ನಡ ಬಲ್ಲ ವಕೀಲರನ್ನು ಕರೆಸಿ ಈ ಸೇವೆಯನ್ನೂ ನಡೆಸಲಿ.

ವಾಚಕ ಬಂಧುಗಳೇ, ಇಂದು ರಾತ್ರಿ ಕೆಲಸ ಮುಗಿಸಿ ಕೋಣೆಗೆ ಮರಳಿದಾಗ ಪೆಟ್ಟಿಗೆಯಲ್ಲಿರುವ ಪಾಸುಬುಕ್ಕನ್ನೂ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿರಿ. ಅಲ್ಲಿರುವ ಹೆಸರನ್ನು ಊರಿಗೆ ಬರೆದು ತಿಳಿಸಿರಿ. ಮನೆಯಾಕೆಗೆ ತಿಳಿದಿರದ ಉಳಿತಾಯವು ಇದ್ದೂ ಇಲ್ಲದಂತೆಯೇ ಸರಿ.