ಮೊದಲು ಸಂವೇದಕ, ಆಮೇಲೆ ಮೈಕ್ರೋಕಂಟ್ರೋಲರ್

ಉಚ್ಚಿಲದಂಥ ಕಡಲತಡಿಯ ಊರಿನಲ್ಲಿ ಮೀನನ್ನು ತಂಪಾಗಿಡುವ ಪೆಟ್ಟಿಗೆಗೆ ನಿಯಂತ್ರಕವೊಂದನ್ನು ರಚಿಸುವುದು ವಿದ್ಯಾರ್ಥಿಗಳಿಗೆ ಒಪ್ಪುವ ಹವ್ಯಾಸ. ಆದರೆ ಅನೇಕರು ಮೊದಲು ಕೇಳುವುದು, ಯಾವ ಮೈಕ್ರೋಕಂಟ್ರೋಲರ್ ಅತ್ಯಂತ ವೇಗವಾದುದು ಎಂದು. ಈ ಪ್ರಶ್ನೆಯೇ ಇಲ್ಲಿ ಸಲ್ಲದು. ಪೆಟ್ಟಿಗೆಯ ಉಷ್ಣತೆ ಒಂದು ಡಿಗ್ರಿ ಬದಲಾಗಲು ನಿಮಿಷಗಳೇ ಬೇಕು, ಎ.ಟಿ.ಮೆಗಾ 328 ಎಂಬ ಸಾಧಾರಣ ಚಿಪ್ಪಾದರೋ ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯಬಲ್ಲುದು. ಅದು ಧಾರಾಳವಾಗಿ ಸಾಕು.

ಕೆಲಸ ಕೆಡುವುದು ಅಳತೆಯಲ್ಲಿ. ಎಲ್.ಎಂ. 35 ಸಂವೇದಕವು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 5 ವೋಲ್ಟನ್ನು 1024 ಪಾಲು ಮಾಡಿ ಎಣಿಸುವ ಆ ಚಿಪ್ಪಿಗೆ ಸುಮಾರು ಅರ್ಧ ಡಿಗ್ರಿಗಿಂತ ಸಣ್ಣ ಭೇದ ಕಾಣದು. ಅಂಕಿಗಳನ್ನೇ ಕಳುಹಿಸುವ ಡಿ.ಎಸ್. 18ಬಿ20 ಇದಕ್ಕಿಂತ ಮೇಲು. ಆದರೂ ಅದು ತೋರುವ 0.0625 ಡಿಗ್ರಿಯ ಮೆಟ್ಟಿಲನ್ನು ನಿಖರತೆಯೆಂದು ಭ್ರಮಿಸಬಾರದು; ಅದರ ನಿಖರತೆ ಅರ್ಧ ಡಿಗ್ರಿಯಷ್ಟೇ.

ಮೀನು ಹೆಪ್ಪುಗಟ್ಟಲೂ ಬಾರದು, ಕೆಡಲೂ ಬಾರದು ಎನ್ನುವಾಗ ಸೊನ್ನೆಯ ಬಳಿಯ ಆ ಅರ್ಧ ಡಿಗ್ರಿಯೇ ಮುಖ್ಯ. ಆದುದರಿಂದ ಸಂವೇದಕವನ್ನು ಕರಗುತ್ತಿರುವ ಶುದ್ಧ ಮಂಜುಗಡ್ಡೆಯ ಪುಡಿಯಲ್ಲಿ ಹುದುಗಿಸಿ, ಅದು ಸೊನ್ನೆಯಿಂದ ಎಷ್ಟು ತಪ್ಪುತ್ತದೆಂದು ಗುರುತು ಹಾಕಿಕೊಳ್ಳಿರಿ. ಉಪ್ಪುನೀರು ಸೇರಿದರೆ ಕರಗುವ ಬಿಂದುವೇ ಇಳಿಯುವುದೆಂಬುದನ್ನು ಮರೆಯದಿರಿ. ಎಷ್ಟೇ ಬೆಲೆಯ ಚಿಪ್ಪಾದರೂ ಈ ಪರೀಕ್ಷೆಯನ್ನು ನಮಗಾಗಿ ಮಾಡಲಾರದು.