ಬೃಹತ್ ವಸತಿ ಸಮುಚ್ಚಯಗಳಲ್ಲಿ ಅಂತರ್ಜಾಲ ಸಂಪರ್ಕ: ಮಾರಾಟ ಕರಾರಿಗೆ ಮುನ್ನ ಗಮನಿಸಬೇಕಾದ ಅಂಶಗಳು

ವಸತಿ ಸಮುಚ್ಚಯಗಳಲ್ಲಿ ಮನೆ ಕಾಯ್ದಿರಿಸುವ ಸಾರ್ವಜನಿಕರು ನೀರು, ವಿದ್ಯುತ್, ಒಳಚರಂಡಿ ಹಾಗೂ ವಾಹನ ನಿಲುಗಡೆಯ ಬಗ್ಗೆ ತಪ್ಪದೆ ವಿಚಾರಿಸುತ್ತಾರೆ. ಮೊಬೈಲ್ ಮತ್ತು ಅಂತರ್ಜಾಲ ಸಂಪರ್ಕದ ವಿಚಾರಣೆ ಮಾತ್ರ ಸಾಮಾನ್ಯವಾಗಿ ಗೃಹಪ್ರವೇಶದ ನಂತರವೇ ಆಗುತ್ತದೆ. ಅಷ್ಟರಲ್ಲಿ ಗೋಡೆಗಳಿಗೆ ಗಿಲಾವು, ರಸ್ತೆಗಳಿಗೆ ಕಾಂಕ್ರೀಟು ಆಗಿರುತ್ತದೆ.

ದೇಶದಲ್ಲಿ 5ಜಿ ಸೇವೆಯು 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಈ ಸೇವೆಗೆ ಬಳಸುವ ಅಧಿಕ ಆವರ್ತನದ ತರಂಗಗಳು ಕಾಂಕ್ರೀಟು ಗೋಡೆಗಳನ್ನು ಸುಲಭವಾಗಿ ದಾಟಲಾರವು. ಆದ್ದರಿಂದ ಬಹುಮಹಡಿ ಕಟ್ಟಡಗಳ ಒಳಗೇ ಆಂಟೆನಾ, ಫೈಬರ್ ಕೇಬಲ್ ಹಾಗೂ ಅವುಗಳಿಗೆ ಕೊಳವೆಮಾರ್ಗ ಅವಶ್ಯಕವಾಗುತ್ತವೆ. ನಿರ್ಮಾಣದ ಹಂತದಲ್ಲಿಯೇ ಕೊಳವೆ ಅಳವಡಿಸಿದಲ್ಲಿ ಅದು ಒಮ್ಮೆ ಭರಿಸುವ ಬಂಡವಾಳ ವೆಚ್ಚ. ತದನಂತರ ಅಗೆದು ಅಳವಡಿಸಿದಲ್ಲಿ ಆ ಹೊರೆ ನಿವಾಸಿಗಳ ನಿರ್ವಹಣಾ ನಿಧಿಯ ಮೇಲೆ ಬೀಳುವ ಸಂಭವವಿರುತ್ತದೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ವಿನಿಯಮಗಳನ್ವಯ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರ ಶ್ರೇಣಿ ನೀಡಲು ಅವಕಾಶವಿದೆ. ಈ ಶ್ರೇಣಿಯು ಸಂಪರ್ಕದ ಗುಣಮಟ್ಟವನ್ನು ತಿಳಿಸುತ್ತದೆಯೇ ವಿನಾ ಪ್ರವರ್ತಕರು ಕರಾರಿನಲ್ಲಿ ನೀಡುವ ಭರವಸೆಗೆ ಬದಲಿಯಾಗದು.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರಲ್ಲಿ 'ಆಂತರಿಕ ಅಭಿವೃದ್ಧಿ ಕಾಮಗಾರಿ'ಗಳ ಪರಿಭಾಷೆಯು ರಸ್ತೆ, ನೀರು ಸರಬರಾಜು, ಚರಂಡಿ, ಉದ್ಯಾನ, ಬೀದಿದೀಪ ಇತ್ಯಾದಿಗಳನ್ನು ಹೆಸರಿಸಿದ್ದು, ದೂರಸಂಪರ್ಕವನ್ನು ಹೆಸರಿಸಿರುವುದಿಲ್ಲ. ಅನುಮೋದಿತ ನಕ್ಷೆಯಲ್ಲಿರುವ ಇತರೆ ಕಾಮಗಾರಿಗಳೂ ಇದರಲ್ಲಿ ಒಳಗೊಳ್ಳುತ್ತವೆ. ಆದ ಕಾರಣ ನಕ್ಷೆಯಲ್ಲಿ ಅಥವಾ ಕರಾರಿನಲ್ಲಿ ನಮೂದಾಗದ ಸಂಪರ್ಕ ಸೌಲಭ್ಯವನ್ನು ಹಕ್ಕಿನಿಂದ ಕೇಳುವುದು ಕಷ್ಟಸಾಧ್ಯ. ನಮೂದಾಗಿದ್ದಲ್ಲಿ ಪ್ರಕರಣ 14(3) ಅನ್ವಯವಾಗುತ್ತದೆ: ಸ್ವಾಧೀನ ನೀಡಿದ 5 ವರ್ಷಗಳೊಳಗೆ ಕರಾರಿನಂತೆ ಒದಗಿಸಬೇಕಾದ ಸೇವೆಗಳಲ್ಲಿನ ದೋಷವನ್ನು ಗಮನಕ್ಕೆ ತಂದಲ್ಲಿ, ಪ್ರವರ್ತಕರು ಅದನ್ನು 30 ದಿನಗಳೊಳಗೆ ಹೆಚ್ಚುವರಿ ಶುಲ್ಕವಿಲ್ಲದೆ ಸರಿಪಡಿಸತಕ್ಕದ್ದು.

ಆದುದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ಅನುಮೋದಿತ ನಕ್ಷೆಗಳನ್ನು ಪಡೆಯುವುದು ಹಂಚಿಕೆದಾರರ ಹಕ್ಕು (ಪ್ರಕರಣ 19). ಅವುಗಳಲ್ಲಿ ಕೇಬಲ್ ಮಾರ್ಗ ಹಾಗೂ ಉಪಕರಣ ಕೊಠಡಿಯನ್ನು ತೋರಿಸಿರುವುದನ್ನು ಖಚಿತಪಡಿಸಿಕೊಳ್ಳುವುದು.

2. ಒಂದಕ್ಕಿಂತ ಹೆಚ್ಚು ಸೇವಾ ಸಂಸ್ಥೆಗಳಿಗೆ ಪ್ರವೇಶವಿದೆಯೇ ಎಂದು ಲಿಖಿತವಾಗಿ ಕೇಳುವುದು. ಒಂದೇ ಸಂಸ್ಥೆ ಇದ್ದಲ್ಲಿ ದರ ಮತ್ತು ಸೇವೆ ಎರಡರಲ್ಲಿಯೂ ನಿವಾಸಿಗಳಿಗೆ ಆಯ್ಕೆ ಇರುವುದಿಲ್ಲ.

3. ನೆಲಮಾಳಿಗೆ ಮತ್ತು ಲಿಫ್ಟ್‌ನಲ್ಲಿ ಮೊಬೈಲ್ ಸಂಪರ್ಕ ಒದಗಿಸುವುದನ್ನು ಕರಾರಿನ ಸೌಲಭ್ಯಗಳ ಅನುಸೂಚಿಯಲ್ಲಿ ಸೇರಿಸಿಕೊಳ್ಳುವುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಲು ಇದು ಅತ್ಯಗತ್ಯ.

ನೋಂದಾಯಿತ ಮಾರಾಟ ಕರಾರಿಲ್ಲದೆ ಪ್ರವರ್ತಕರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ (ಪ್ರಕರಣ 13). ಮೇಲ್ಕಂಡ ಅಂಶಗಳನ್ನು ಇತ್ಯರ್ಥಪಡಿಸಿಕೊಳ್ಳಲು ಅದೇ ಸೂಕ್ತ ಸಮಯವಾಗಿದ್ದು, ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.