ಮರ್ಯಾದೆಯೂ ಮುದ್ರಿತ ದಿನಾಂಕವೂ

ಈಚಿನ ವರ್ಷಗಳಲ್ಲಿ ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ, ಮೊಬೈಲಿನಲ್ಲಿ ಹರಿದಾಡುವ ಕಿರುಬರಹಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಪೊಟ್ಟಣದ ಮೇಲೆ ‘ಎಕ್ಸ್‌ಪೈರಿ ಡೇಟ್’ ಅಚ್ಚು ಹಾಕುವುದನ್ನು ಜಗತ್ತು ನಿನ್ನೆ ಮೊನ್ನೆ ಕಲಿಯಿತು, ಜೈನರು ಸಾವಿರ ವರ್ಷಗಳ ಹಿಂದೆಯೇ ಅದನ್ನು ‘ಮರ್ಯಾದೆ’ ಎಂಬ ಹೆಸರಿನಲ್ಲಿ ಬರೆದಿಟ್ಟಿದ್ದರು ಎಂಬುದೇ ಆ ಮಾತು. ಕೇಳಲು ಹಿತವಾಗಿದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಈ ಹೋಲಿಕೆ ಶಾಸ್ತ್ರವನ್ನು ತಪ್ಪಾಗಿ ಓದುತ್ತದೆ, ಕಾನೂನನ್ನೂ ತಪ್ಪಾಗಿ ಓದುತ್ತದೆ. ಎರಡು ತಪ್ಪುಗಳ ಭಾರವನ್ನೂ ಕೊನೆಗೆ ಹೊರುವವರು ಬೇರೆ ಯಾರೋ ಆಗಿರುತ್ತಾರೆ. ಆದುದರಿಂದಲೇ ಈ ಬರಹ.

ಮೊದಲು ಮರ್ಯಾದೆ ಎಂದರೇನೆಂದು ನೋಡೋಣ. ಶ್ರಾವಕಾಚಾರದ ಪರಂಪರೆಯಲ್ಲಿ, ವಿಶೇಷವಾಗಿ ದಿಗಂಬರ ಮನೆಗಳ ಆಚರಣೆಯಲ್ಲಿ, ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಎಲ್ಲೆಯಿದೆ. ಸೋಸಿದ ನೀರಿಗೆ ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗಿನ ಕಾಲ. ಕುದಿಸಿದ ನೀರಿಗೆ 24 ಗಂಟೆ. ಕಡೆದು ತೆಗೆದ ಬೆಣ್ಣೆಯನ್ನು ಅಂತರ್ಮುಹೂರ್ತದೊಳಗೆ ಕಾಯಿಸಬೇಕು. ಶ್ವೇತಾಂಬರ ಪರಂಪರೆಯ ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ‘ಚಲಿತರಸ’ ಎಂಬುದೊಂದಿದೆ: ರಸ ತನ್ನ ಸ್ಥಾನದಿಂದ ಕದಲಿದ, ರುಚಿಗಂಧಗಳು ಬದಲಾದ ಪದಾರ್ಥ. ಇವೆಲ್ಲಕ್ಕೂ ಶಾಸ್ತ್ರ ಕೊಡುವ ಕಾರಣ ಒಂದೇ: ಆ ಕಾಲದ ಬಳಿಕ ಅದರಲ್ಲಿ ಜೀವೋತ್ಪತ್ತಿಯಾಗುತ್ತದೆ, ಅದನ್ನು ಉಣ್ಣುವುದು ಜೀವಹಿಂಸೆ. ಇಲ್ಲಿ ಕಾಪಾಡಬೇಕಾದದ್ದು ತಿನ್ನುವವನನ್ನಲ್ಲ, ಆಹಾರದೊಳಗೆ ಹುಟ್ಟಿದ ಜೀವಿಗಳನ್ನು. ಮಧ್ಯಕಾಲದ ಶ್ರಾವಕಾಚಾರ ಗ್ರಂಥಗಳನ್ನು ಒಟ್ಟಾಗಿ ಪರಿಶೀಲಿಸಿದ ಆರ್. ವಿಲಿಯಮ್ಸ್ ಅವರ ‘ಜೈನ ಯೋಗ’ (1963) ತಿರುವಿದ ಯಾವ ವಿದ್ಯಾರ್ಥಿಗೂ ಇದು ತಿಳಿಯದ ಸಂಗತಿಯಲ್ಲ.

ಎರಡೂ ಒಂದೇ ಆಗಿದ್ದರೆ ಅವುಗಳ ತೀರ್ಪುಗಳೂ ಹತ್ತಿರ ಹತ್ತಿರ ಇರಬೇಕಿತ್ತು. ಹಾಗಿಲ್ಲ. ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಅಂಗಡಿಯ ಶೀಶೆಯ ಮೇಲೆ ತಿಂಗಳುಗಟ್ಟಲೆ ಆಯುಷ್ಯ ಬರೆದಿರುತ್ತದೆ. ಮಲೆನಾಡಿನ ಮನೆಗಳ ಮಿಡಿ ಉಪ್ಪಿನಕಾಯಿ ವರ್ಷಗಳನ್ನು ದಾಟುತ್ತದೆ. ಶ್ರಾವಕಾಚಾರಕ್ಕೆ ಅದು ‘ಸಂಧಾನ’, ಅಭಕ್ಷ್ಯ. ಬಳಕೆಯಲ್ಲಿರುವ ನಿಯಮ ಅದಕ್ಕೆ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕೊಡುವುದಿಲ್ಲ. ಜೇನು ವರ್ಷಗಟ್ಟಲೆ ಕೆಡದು. ಶಾಸ್ತ್ರ ಅದನ್ನು ಮೊದಲ ದಿನವೇ ನಿಷೇಧಿಸುತ್ತದೆ. ಯಶವಂತಪುರದ ಎಪಿಎಂಸಿ ಅಂಗಳದಲ್ಲಿ ರಾಶಿ ಬೀಳುವ ಈರುಳ್ಳಿ ಆಲೂಗಡ್ಡೆಗಳ ಮೇಲೆ ಯಾವ ದಿನಾಂಕವೂ ಇಲ್ಲ. ಅನಂತಕಾಯವೆಂಬ ಕಾರಣಕ್ಕೆ ಶಾಸ್ತ್ರದಲ್ಲಿ ಅವಕ್ಕೆ ಒಂದು ಕ್ಷಣದ ಮರ್ಯಾದೆಯೂ ಇಲ್ಲ. ಒಂದೇ ವಸ್ತುವಿಗೆ ಒಬ್ಬನು ವರ್ಷವೆಂದು, ಇನ್ನೊಬ್ಬನು ದಿನವೆಂದು ಹೇಳಿದರೆ, ಅವರಿಬ್ಬರೂ ಅಳೆಯುತ್ತಿರುವುದು ಬೇರೆ ಬೇರೆಯದನ್ನು ಎಂದೇ ತಿಳಿಯಬೇಕು. (ಆಚರಣೆಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಬಹುಬೀಜವೆಂದು ಕೆಲವು ಪಟ್ಟಿಗಳು ಬಿಟ್ಟ ಬದನೆಯ ಅಡುಗೆಗಳನ್ನು ಜೈನಕವಿ ಮೂರನೆಯ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ವಾರ್ಧಕ ಷಟ್ಪದಿಯಲ್ಲಿ ಸವಿಯಾಗಿ ವರ್ಣಿಸಿದ್ದಾನೆ. ಅವನು ಪಾಕದ ರುಚಿಗೆ ಬರೆದವನು, ವ್ರತಿಗೆ ಬರೆದವನಲ್ಲ.)

ಇಂತಹ ಹೋಲಿಕೆಯ ಚಪಲಕ್ಕೆ ಒಂದು ಪದ ಬಲೆಯಂತೆ ಕಾದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ‘ಕಾಲಾತಿಕ್ರಮ’ ಬರುತ್ತದೆ. ನಿಘಂಟು ಹಿಡಿದು ಕುಳಿತವನಿಗೆ ಇದು ‘ಅವಧಿ ಮೀರಿದ್ದು’ ಎಂದೇ ಕಾಣುತ್ತದೆ. ಸೂತ್ರಕಾರನೇ ಎಕ್ಸ್‌ಪೈರಿಯ ಮಾತಾಡಿದನೆಂದು ಕುಣಿಯಬಹುದು. ವ್ಯಾಖ್ಯಾನ ಪರಂಪರೆಯಲ್ಲಿ ಅದರ ಅರ್ಥ ಬೇರೆ: ಮುನಿಗಳ ಆಹಾರದ ಹೊತ್ತು ಮೀರಿದ ಮೇಲೆ ಕೊಡಲು ಹೊರಡುವುದು. ಕಾಲ ಮೀರಿದ್ದು ಅನ್ನವಲ್ಲ, ದಾನಿ. ಈ ಸೂತ್ರಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇನ್ನು ಕಾನೂನಿನ ಕಡೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 27ನೆಯ ಪ್ರಕರಣ ಅವಧಿ ಮುಗಿದ ಆಹಾರವನ್ನು ಮಾರಿದವನನ್ನು ಹೊಣೆ ಮಾಡುತ್ತದೆ. ತಿಂದವನ ವಿಷಯ ಅದು ಎತ್ತುವುದಿಲ್ಲ. ಮನೆಯೊಳಗೆ ಬಂದ ಮೇಲೆ ನಿರ್ಣಯ ನಮ್ಮದು. 2020ರ ಲೇಬಲ್ ನಿಯಮಾವಳಿ ಎರಡು ದಿನಾಂಕಗಳನ್ನು ಬೇರೆ ಬೇರೆಯಾಗಿ ವ್ಯಾಖ್ಯಾನಿಸುತ್ತದೆ. ‘ಬೆಸ್ಟ್ ಬಿಫೋರ್’ ಗುಣದ ಗಡಿ: ಅದು ದಾಟಿದರೂ ಪದಾರ್ಥ ಪೂರ್ಣ ಸುರಕ್ಷಿತವಾಗಿರಬಹುದು, ರುಚಿ ಘಮ ಕುಂದಿರಬಹುದು ಎಂದು ನಿಯಮವೇ ಹೇಳುತ್ತದೆ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಗುಣದ ಜೊತೆಗೆ ಸುರಕ್ಷತೆಯ ಗಡಿಯೂ ಹೌದು. ಎರಡಕ್ಕೂ ‘ಸೂಚಿಸಿದ ರೀತಿಯಲ್ಲಿ ಸಂಗ್ರಹಿಸಿದ್ದರೆ’ ಎಂಬ ಷರತ್ತು ಅಂಟಿಕೊಂಡಿದೆ. ವಿಪರ್ಯಾಸವೆಂದರೆ ಇದೇ ನಿಯಮಾವಳಿ ಎರಡನೆಯದನ್ನು ಕಡ್ಡಾಯ ಮಾಡಿ ಮೊದಲನೆಯದನ್ನು ಐಚ್ಛಿಕವಾಗಿಸಿತು. ಹೀಗಾಗಿ ಕೆಡಲು ಬಹುಕಾಲ ಹಿಡಿಯುವ ಒಣ ಪದಾರ್ಥಕ್ಕೂ ಆ ಕಠಿಣ ಪದವೇ ಅಂಟಿ, ಭೇದವಿದ್ದೂ ಕಾಣದಂತಾಯಿತು.

ಕನ್ನಡದಲ್ಲಂತೂ ಈ ಭೇದ ಹುಟ್ಟಲೇ ಇಲ್ಲ. ಪತ್ರಿಕೆಗಳ ‘ಅವಧಿ ಮೀರಿದ ಆಹಾರ’ ಎರಡನ್ನೂ ನುಂಗಿಕೊಂಡಿದೆ. ಅವಧಿ ಎಂಬುದು ಕಚೇರಿಯ ಪದ: ಸಾಲದ ಅವಧಿ, ಅಧಿಕಾರದ ಅವಧಿ, ಶಿಕ್ಷೆಯ ಅವಧಿ. ಅದು ಮೀರಿತೆಂದರೆ ಅಪರಾಧವಾಯಿತೆಂದೇ ಧ್ವನಿ. ಇದಕ್ಕಿಂತ ಎಷ್ಟೋ ಸೂಕ್ಷ್ಮವಾದ ಪದಕೋಶ ನಮ್ಮ ಅಡುಗೆಮನೆಯಲ್ಲೇ ಇತ್ತು. ರಾತ್ರಿ ಕಳೆದದ್ದು ತಂಗಳು, ತಂಗಳು ಕೆಟ್ಟದ್ದಲ್ಲ. ಹುದುಗು ಬಂದದ್ದು ಹುಳಿತದ್ದು. ಅದು ಬೇಕೆಂದೇ ಮಾಡಿದ್ದು. ಅನ್ನ ನೂಲೆದ್ದು ವಾಸನೆ ತಿರುಗಿದರೆ ಹಳಸಿದ್ದು. ಎಣ್ಣೆ ಕೊಬ್ಬರಿ ಹಳತಾದರೆ ಕಮಟು. ತೇವಕ್ಕೆ ಸಿಕ್ಕ ಹಿಟ್ಟು ಮುಗ್ಗಲು. ಮೇಲೆ ಹಸಿರು ಬಿಳುಪು ಕಟ್ಟಿದರೆ ಬೂಷ್ಟು. ಒಂದೊಂದು ಪದವೂ ಒಂದೊಂದು ರೋಗಲಕ್ಷಣ, ಅದರದರ ಉಪಾಯವನ್ನೂ ಹೊತ್ತದ್ದು: ತಂಗಳಿಗೆ ಒಗ್ಗರಣೆ, ಹುಳಿತದ್ದಕ್ಕೆ ಕಾವಲಿ, ಹಳಸಿದ್ದಕ್ಕೆ ತಿಪ್ಪೆ. ಕನ್ನಡ ಎಂ.ಎ. ವಿದ್ಯಾರ್ಥಿಗಳು ಗ್ರಾಮ್ಯಪದ ಸಂಗ್ರಹಕ್ಕಾಗಿ ದೂರದ ಊರುಗಳಿಗೆ ಹೋಗುತ್ತಾರೆ. ಹೆಬ್ಬಾಳದ ಹಳೆಯ ಮನೆಯೊಂದರ ಅಜ್ಜಿಯನ್ನು ಮಾತಾಡಿಸಿದರೆ ಒಂದು ಮಧ್ಯಾಹ್ನಕ್ಕೆ ಸಾಕಾಗುವಷ್ಟು ಸಿಕ್ಕೀತು.

ಹಾಗೆಂದು ‘ಮೂಸಿ ನೋಡಿದರೆ ಸಾಕು’ ಎನ್ನುವವರ ಪಕ್ಷಕ್ಕೂ ನಾನು ಸೇರುವವನಲ್ಲ. ಬ್ರಿಟನ್ನಿನಲ್ಲಿ ಮಾರಿಸನ್ಸ್ ಎಂಬ ಅಂಗಡಿ ಸರಣಿ 2022ರಲ್ಲಿ ತನ್ನ ಬಹುಪಾಲು ಹಾಲಿನ ಮೇಲಿನ ‘ಯೂಸ್ ಬೈ’ ತೆಗೆದು, ಮೂಸಿ ನಿರ್ಧರಿಸಿರೆಂದು ಗ್ರಾಹಕರಿಗೆ ಹೇಳಿತು. ಪಾಶ್ಚರೀಕರಿಸಿದ ಹಾಲಿಗೆ ಅದು ಸಲ್ಲುತ್ತದೆ, ಏಕೆಂದರೆ ಹಾಲು ಕೆಟ್ಟಾಗ ಮೂಗಿಗೆ ತಿಳಿಸಿಯೇ ಕೆಡುತ್ತದೆ. ಎಲ್ಲ ಪದಾರ್ಥಗಳೂ ಅಷ್ಟು ಪ್ರಾಮಾಣಿಕವಲ್ಲ. ಲಿಸ್ಟೀರಿಯ ಎಂಬ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ವಾಸನೆ ಕೊಡುವುದಿಲ್ಲ. ಬೆಂದ ಅನ್ನವನ್ನು ಹೊರಗೆ ಬಹಳ ಹೊತ್ತು ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಬಿಟ್ಟ ವಿಷ ಮತ್ತೆ ಕಾಯಿಸಿದರೂ ಹೋಗದು. ಬೂಷ್ಟು ಹಿಡಿದ ಕಡಲೆಕಾಯಿಯ ಅಫ್ಲಟಾಕ್ಸಿನ್ ಹುರಿದರೂ ಪೂರ್ತಿ ಅಳಿಯದು. ಉಬ್ಬಿದ ಡಬ್ಬಿಯನ್ನು ಬಾಯಿಗಿಟ್ಟು ಪರೀಕ್ಷಿಸುವುದು ಜಾಣತನವಲ್ಲ. ಇಂದ್ರಿಯಪ್ರತ್ಯಕ್ಷಕ್ಕೆ ಮಿತಿಯಿದೆ ಎಂಬುದನ್ನು ಜೈನ ಪ್ರಮಾಣಶಾಸ್ತ್ರ ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಪದಾರ್ಥದ ಸ್ವಭಾವ, ಅದು ಪಟ್ಟ ಸಂಸ್ಕಾರ, ಇಟ್ಟ ಸ್ಥಳ. ಯಲಹಂಕದ ಮದರ್ ಡೈರಿಯ ಹೆಸರು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಚೀಲಕ್ಕೆ ತುಂಬಿದರೆ ತಂಪಿನಲ್ಲಿ ಕೆಲವೇ ದಿನ. ಅದೇ ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಏರಿಸಿ ಗಾಳಿಯಾಡದ ಪೊಟ್ಟಣಕ್ಕೆ ತುಂಬಿದರೆ ಫ್ರಿಜ್ ಇಲ್ಲದೆಯೇ ತಿಂಗಳುಗಳು. ಪೊಟ್ಟಣ ಒಡೆದ ಕ್ಷಣ ಆ ತಿಂಗಳುಗಳೂ ಮುಗಿದವು, ಅಚ್ಚಾದ ದಿನಾಂಕ ಇನ್ನೂ ದೂರದಲ್ಲಿದ್ದರೂ. ರಾತ್ರಿ ಫ್ರಿಜ್ ಆರಿಸುವ ಅಂಗಡಿಯಿಂದ ತಂದ ದೋಸೆಹಿಟ್ಟಿಗೆ ದಿನಾಂಕ ಇದ್ದೂ ಇಲ್ಲ. ಹಿಟ್ಟಿನ 3-5-7ರ ನಿಯಮ ಮಳೆಗಾಲವನ್ನು ಗಮನಿಸಿದೆ; ಕಾರ್ಖಾನೆಯ ಮುದ್ರೆಗೆ ಬೆಂಗಳೂರಿನ ಆಷಾಢ ಗೊತ್ತಿಲ್ಲ. ಇಷ್ಟರಮಟ್ಟಿಗೆ ನಮ್ಮ ಹಿರಿಯರ ವೀಕ್ಷಣೆ ನಿಜಕ್ಕೂ ಮೆಚ್ಚತಕ್ಕದ್ದು, ಪ್ರಯೋಜನ ಬೇರೆಯಾಗಿದ್ದರೂ. ಒಣಗಿದ ಬೇಳೆ, ಅಕ್ಕಿ, ಸಕ್ಕರೆ, ಉಪ್ಪುಗಳನ್ನು ದಿನಾಂಕ ದಾಟಿತೆಂದು ಎಸೆಯುವುದು ಅವಿವೇಕ: ಹುಳು, ಮುಗ್ಗಲು, ಕಮಟು ಇಲ್ಲವೆಂದು ನೋಡಿ ಉಣ್ಣಬಹುದು. ಶಿಶು ಆಹಾರ, ಫ್ರಿಜ್ಜಿನಲ್ಲಿಟ್ಟು ಹಾಗೆಯೇ ತಿನ್ನುವ ಪದಾರ್ಥ, ಪನೀರು ಇವುಗಳ ವಿಷಯದಲ್ಲಿ ಒಂದು ದಿನವೂ ಸಡಿಲಿಸಬಾರದು. ಬಸುರಿ, ಮುದುಕರು, ರೋಗಿಗಳು ಇರುವ ಮನೆಯಲ್ಲಂತೂ ಖಂಡಿತ ಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯಲಹಂಕದಿಂದ ಹೆಬ್ಬಾಳದವರೆಗೆ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ, ಆರ್.ಟಿ. ನಗರದ ಹಳೆಯ ಬೀದಿಗಳಲ್ಲಿ ಒಂದು ರೂಢಿ ಬೇರೂರಿದೆ. ಅಟ್ಟ ಒಪ್ಪ ಮಾಡುವ ದಿನ ದಿನಾಂಕ ದಾಟಿದ ಪೊಟ್ಟಣಗಳೆಲ್ಲ ಒಂದು ಚೀಲಕ್ಕೆ ಬೀಳುತ್ತವೆ. ಆ ಚೀಲ ಕಸಕ್ಕೆ ಹೋಗುವುದಿಲ್ಲ, ಮನೆಗೆಲಸದವಳ ಕೈಗೋ ಕಾವಲುಗಾರನ ಕುರ್ಚಿಯ ಪಕ್ಕಕ್ಕೋ ಹೋಗುತ್ತದೆ. ‘ಎಸೆಯುವ ಬದಲು ಯಾರಾದರೂ ತಿನ್ನಲಿ’ ಎಂಬ ಮಾತಿಗೆ ದಾನವೆಂಬ ಹೆಸರೂ ಸಿಗುತ್ತದೆ. ತನ್ನ ಮಗುವಿಗೆ ಮರ್ಯಾದೆ ಮೀರಿದ ಹಿಟ್ಟಿನ ರೊಟ್ಟಿ ಕೊಡದ ವ್ರತನಿಷ್ಠರೂ ಇದಕ್ಕೆ ಹೊರತಲ್ಲ.

ಇದನ್ನು ಶಾಸ್ತ್ರದ ಮುಂದೆಯೇ ನಿಲ್ಲಿಸೋಣ. ತತ್ತ್ವಾರ್ಥಸೂತ್ರದ ಅದೇ ಏಳನೆಯ ಅಧ್ಯಾಯ ಮುಗಿಯುವುದು ದಾನದ ವಿಚಾರದಲ್ಲಿ. ದಾನದ ಹಿರಿಮೆ ಕಿರಿಮೆಗಳು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ಆಗುತ್ತವೆ ಎಂದು. ದ್ರವ್ಯ ದೂಷಿತವೆಂದು ದಾತೃವೇ ನಂಬಿದ್ದಾಗ ಅಲ್ಲಿ ದಾನವೇ ಇಲ್ಲ. ಪದಾರ್ಥ ಕೆಟ್ಟಿಲ್ಲವೆಂಬ ನಂಬಿಕೆ ನಿಜವಾದರೆ ಅದನ್ನು ಮನೆಯಲ್ಲೇ ಉಣ್ಣಲು ಅಡ್ಡಿಯೇನು? ಕೆಟ್ಟಿರಬಹುದೆಂಬ ಅಂಜಿಕೆ ನಿಜವಾದರೆ ಇನ್ನೊಬ್ಬರ ಮಗುವಿಗೆ ಅದನ್ನು ಕೊಡಲು ಧೈರ್ಯ ಎಲ್ಲಿಂದ ಬಂತು? ಮೂರನೆಯ ದಾರಿ ಇಲ್ಲಿ ಇಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಬಿರುದಾಗಿ ಹೊತ್ತವರನ್ನು ಶ್ರವಣಬೆಳಗೊಳದ ಶಾಸನಗಳಲ್ಲಿ ನಾವು ಹೆಮ್ಮೆಯಿಂದ ಓದುತ್ತೇವೆ. ಅಭಯದಾನವನ್ನು ಕಸಿದುಕೊಂಡು ಆಹಾರದಾನ ಮಾಡುವ ಹೊಸ ಬಿರುದೊಂದನ್ನು ಅವುಗಳ ಪಕ್ಕಕ್ಕೆ ಇಡಲಾಗದು. ಪಡೆದವಳು ಓದಲಾರಳು ಎಂಬ ಭರವಸೆಯೂ ಕೆಲವರ ಮನಸ್ಸಿನಲ್ಲಿದ್ದೀತು. ಆಕೆ ಓದಬಲ್ಲಳು, ಬೇಡವೆನ್ನಲಾರಳು ಅಷ್ಟೆ. ಇದನ್ನು ಉಳಿತಾಯವೆನ್ನುವವರಿಗೆ ಇನ್ನೊಂದು ಮಾತು: ಉಳಿದ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆಂದೇ 2019ರಲ್ಲಿ ಕೇಂದ್ರದ ನಿಯಮಾವಳಿ ಬಂದಿದೆ, ಪುಕ್ಕಟೆ ಉಣ್ಣುವವನಿಗೂ ಸುರಕ್ಷಿತ ಅನ್ನದ ಹಕ್ಕಿದೆ ಎಂಬುದೇ ಅದರ ತಳಹದಿ.

ಎಸೆಯುವುದು ಪಾಪವಲ್ಲವೇ ಎಂಬ ಆಕ್ಷೇಪ ಬರುತ್ತದೆ; ಅದು ಹುರುಳಿಲ್ಲದ್ದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತು ವ್ಯರ್ಥ ಮಾಡಿದ ಆಹಾರ 105 ಕೋಟಿ ಟನ್ನು, ಅದರಲ್ಲಿ ಸುಮಾರು 60 ಶೇಕಡ ಮನೆಗಳದ್ದೇ. ಬೆಳೆದದ್ದರ ಹಿಂದೆ ಉಳುಮೆಯ ಆರಂಭಹಿಂಸೆ ಇದ್ದೇ ಇದೆ, ಎಸೆದರೆ ಅದೂ ವ್ಯರ್ಥ. ಆದರೆ ಇದಕ್ಕೆ ಮದ್ದು ಅಟ್ಟದ ಚೀಲವಲ್ಲ. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಭೋಗೋಪಭೋಗ ಪರಿಮಾಣ ವ್ರತ ಇರುವುದು ಕೊಳ್ಳುವ ಕೈಗೆ. ಒಂದಕ್ಕೆ ಒಂದು ಉಚಿತವೆಂದು ಐದು ಪೊಟ್ಟಣ ಹೊತ್ತು ತಂದವನು ತಿಂಗಳಾದ ಮೇಲೆ ಮರ್ಯಾದೆಯ ಉಪನ್ಯಾಸ ಕೇಳಿ ತಲೆದೂಗುವುದರಲ್ಲಿ ಅರ್ಥವಿಲ್ಲ. ಎಕ್ಸ್‌ಪೈರಿಗೆ ಸಮಾನವಾದ ಪದವನ್ನು ಶಾಸ್ತ್ರದಲ್ಲಿ ಹುಡುಕುವ ವಿದ್ವಾಂಸರು ಹುಡುಕಬೇಕಾದ ಪುಟ ಇದು.

ದೀಪಾವಳಿ ಬಂತೆಂದರೆ ಇದೇ ಪ್ರಶ್ನೆ ಸಿಹಿಯ ರೂಪದಲ್ಲಿ ಬರುತ್ತದೆ. 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿತಿಂಡಿಯ ತಟ್ಟೆಯ ಮುಂದೆ ‘ಬೆಸ್ಟ್ ಬಿಫೋರ್’ ದಿನಾಂಕದ ಫಲಕವನ್ನು ಕಡ್ಡಾಯ ಮಾಡಲಾಗಿತ್ತು. ಫಲಕವಿದ್ದರೂ ಅದು ಅಂಗಡಿಯಲ್ಲೇ ಉಳಿಯುತ್ತದೆ. ಖೋವಾದ ಬರ್ಫಿ ಬಣ್ಣದ ಪೆಟ್ಟಿಗೆ ಹೊಕ್ಕು ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಉಡುಗೊರೆಯಾಗಿ ಸಾಗಿ, ನಾಲ್ಕನೆಯದೋ ಐದನೆಯದೋ ದಿನ ಕಾವಲುಗಾರನ ಮೇಜಿಗೆ ಇಳಿಯುತ್ತದೆ. ಅಂಗಡಿಯವನು ಕಟ್ಟಿಕೊಡುವಾಗಲೇ ಪೆಟ್ಟಿಗೆಯ ಮೇಲೆ ಆ ದಿನಾಂಕವನ್ನು ಪೆನ್ನಿನಲ್ಲಿ ಬರೆಸಿಕೊಂಡರೆ ಮುಂದಿನ ಮನೆಗಳವರಿಗೂ ಅವನಿಗೂ ಅದು ಕಾಣಿಸುತ್ತದೆ.